ಶಕುನಿಯನ್ನು ಇನ್ನಾದರೂ ಬಿಡೋಣ

ಆನ್‌ಲೈನ್ ಪೋಕರ್ ಕುರಿತು ಕನ್ನಡದಲ್ಲಿ ಲೇಖನಿ ಹಿಡಿದವರು ಹಸ್ತಿನಾವತಿಯ ದ್ಯೂತಸಭೆಯಿಂದಲೇ ಆರಂಭಿಸುವುದು ವಾಡಿಕೆ. ಧರ್ಮರಾಯ ಸೋತ, ಶಕುನಿ ವಂಚಿಸಿದ, ಆದ್ದರಿಂದ ಜೂಜು ಕೆಟ್ಟದ್ದು. ಗೋಷ್ಠಿಗಳಲ್ಲಿ ನಾವೂ ಇದನ್ನೇ ಆಡಿದ್ದೇವೆ. ಆದರೆ ಈ ಹೋಲಿಕೆಯಿಂದ ಅನುಕೂಲವಾಗುವುದು ಕಂಪನಿಗಳಿಗೆ. ಇದು ದಾಳವಲ್ಲ, ಕೌಶಲ ಎಂಬ ಒಂದೇ ಮಾತಿನಿಂದ ಅವರು ನಮ್ಮ ಪುರಾಣವನ್ನು ಬದಿಗೆ ಸರಿಸಬಲ್ಲರು. ಆ ಮಾತು ಸುಳ್ಳೂ ಅಲ್ಲ.

ಎದುರಾಳಿ ಏರಿಸಿದ ಪಣವನ್ನು ಮತ್ತೆ ಏರಿಸುವ ಗಳಿಗೆಯನ್ನೇ ನೋಡೋಣ. ಬಲವಾದ ಎಲೆ ಬಂದಾಗ ಮಾತ್ರ ಏರಿಸುವವನ ಗುಟ್ಟು ಬೇಗ ರಟ್ಟಾಗುತ್ತದೆ. ಉಳಿದವರು ಎಲೆ ಕೆಳಗಿಟ್ಟು ಸರಿಯುತ್ತಾರೆ. ಬರೀ ಬ್ಲಫ್ ಮಾಡುವವನಿಗೂ ಉಳಿಗಾಲವಿಲ್ಲ. ಎರಡನ್ನೂ ಹದವಾಗಿ ಬೆರೆಸಬೇಕು. ಕೊನೆಯ ಎಲೆಯೂ ಬಿದ್ದಾಗಿದೆ. ನಾವು ಪಣ ಏರಿಸಿದ್ದರಿಂದ ನಡುವಿನ ಹಣ 600 ರೂಪಾಯಿಯಾಗಿದೆ. ನಮ್ಮ ಎಲೆ ನೋಡಲು ಎದುರಾಳಿ ಇನ್ನೂ 300 ಕಟ್ಟಬೇಕು ಎನ್ನಿ. ಇಂಥ ಸಂದರ್ಭದಲ್ಲಿ ನಾವು ಮೂರರಲ್ಲಿ ಎರಡು ಸಲ ನಿಜಬಲದಿಂದ, ಒಂದು ಸಲ ಬ್ಲಫ್‌ನಿಂದ ಏರಿಸುವವರಾದರೆ, ಅವನು ಒಮ್ಮೆ 600 ಗೆದ್ದು ಎರಡು ಸಲ 300ರಂತೆ ಸೋಲುತ್ತಾನೆ. ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬ್ಲಫ್‌ಗೆ ಯಾವ ಎಲೆ ಎಂಬುದಕ್ಕೂ ಲೆಕ್ಕವುಂಟು. ಆಟದ ಆರಂಭದಲ್ಲಿ ನಮ್ಮ ಕೈಯಲ್ಲೊಂದು ಎಕ್ಕವಿದ್ದರೆ, ಎದುರಾಳಿಗೆ ಜೋಡಿ ಎಕ್ಕ ಸಿಗುವ ಆರು ಬಗೆಗಳಲ್ಲಿ ಮೂರೇ ಉಳಿಯುತ್ತವೆ. ಹಾಗಾಗಿ ಎಕ್ಕದ ಜೊತೆ ಅದೇ ಜಾತಿಯ ಐದರಂಥ ಸಣ್ಣ ಎಲೆ ಬಂದಾಗ ಪಳಗಿದವರು ಬ್ಲಫ್‌ಗೆ ಮುಂದಾಗುತ್ತಾರೆ. ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲೇ ತಮ್ಮ ಗ್ರಂಥದಲ್ಲಿ ಪೋಕರನ್ನು ಗಣಿತಕ್ಕೆ ಒಳಪಡಿಸಿದ್ದರು. ಬ್ಲಫ್ ಎಂದರೆ ಮುಖಭಾವದ ವಿದ್ಯೆ ಎಂದುಕೊಂಡಿದ್ದ ನಮ್ಮಂಥ ಸಾಹಿತ್ಯದವರಿಗೆ ಇದು ತುಸು ಮುಜುಗರದ ಸಂಗತಿ.

ಸರಿ, ಕೌಶಲವೆಂದೇ ಒಪ್ಪೋಣ. ಒಪ್ಪಿದ ಮೇಲೆ ಕೇಳಬೇಕಾದದ್ದು, ಈ ಕೌಶಲ ಹಣ ಗಳಿಸುವುದು ಯಾರಿಂದ? ಹದವರಿತ ಇಬ್ಬರು ಸಮಾನರು ದೀರ್ಘಕಾಲ ಆಡಿದರೆ ಒಬ್ಬರಿಗೊಬ್ಬರು ಏನನ್ನೂ ಕಳೆದುಕೊಳ್ಳುವುದಿಲ್ಲ. ರೇಕ್ ಎಂಬ ಕಮಿಷನ್ ಕಡಿತದಿಂದ ಇಬ್ಬರೂ ಸೋಲುತ್ತಾರೆ. ಆದ್ದರಿಂದ ಬಲ್ಲವನು ಗಳಿಸಬೇಕಾದರೆ ಅರಿಯದವನೊಬ್ಬ ಬೇಕೇ ಬೇಕು. ಅವನು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಮೊಬೈಲಿನಲ್ಲಿಟ್ಟು ಥಾಣೆ ದಾಟುವ ಗುಮಾಸ್ತ. ಅದೇ ಡಬ್ಬಿಯಲ್ಲಿ ಮಂಡಿಗಳ ಮೇಲೆ ಬ್ರೀಫ್‌ಕೇಸ್ ಇಟ್ಟು ಇಸ್ಪೀಟು ಆಡುತ್ತಿದ್ದ ಕಲ್ಯಾಣದ ತಂಡಗಳನ್ನು ನಾವು ಕಂಡಿದ್ದೇವೆ. ಸೋತವನ ಮುಖ ಎಲ್ಲರಿಗೂ ಕಾಣುತ್ತಿತ್ತು, ನಡುವೆ ಕಡಿತ ಹಿಡಿಯುವವನಿರಲಿಲ್ಲ.

ಚದುರಂಗದಲ್ಲೂ ಬಲ್ಲವನೇ ಗೆಲ್ಲುವುದಲ್ಲವೇ ಎನ್ನಬಹುದು. ಅಲ್ಲಿ ದಡ್ಡನಿಗೆ ತನ್ನ ದಡ್ಡತನ ಮೂರನೆಯ ಆಟಕ್ಕೇ ತಿಳಿಯುತ್ತದೆ. ಪೋಕರಿನಲ್ಲಿ ಅವನು ಇಂದು ರಾತ್ರಿ ಗೆಲ್ಲಲೂಬಹುದು! ಕೌಶಲ ಅವನ ಹಣ ತೆಗೆಯುತ್ತದೆ, ಅದೃಷ್ಟ ಅವನನ್ನು ಮರುದಿನ ಕರೆತರುತ್ತದೆ. ನ್ಯಾಯಾಲಯದಲ್ಲಿ ಕಂಪನಿಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ.

ನಮ್ಮ ಕಾನೂನೂ ಬಹುಕಾಲ ಇದನ್ನು ಕೇಳಲಿಲ್ಲ. 1887ರ ಮುಂಬಯಿ ಜೂಜು ಕಾಯ್ದೆ ಬರೀ ಕೌಶಲದ ಆಟಗಳನ್ನು ಹೊರಗಿಟ್ಟಿತು. ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಗೊಳಿಸಿದ್ದೂ ಬಹುಪಾಲು ಇದೇ ಭೇದದ ಆಧಾರದ ಮೇಲೆ. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಮಾತ್ರ ಕೌಶಲವೋ ಅದೃಷ್ಟವೋ ಎನ್ನದೆ ಹಣದ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಅದರಿಂದ ಆಟ ನಿಂತಿತೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಕಾಯ್ದೆಯನ್ನು ಪ್ರಶ್ನಿಸಿ ಕೌಶಲದ ಪಾಠ ಒಪ್ಪಿಸುವವರನ್ನು ಒಂದು ಲೆಕ್ಕ ಕೇಳಬೇಕಿದೆ: ವರ್ಷವಿಡೀ ಆಡಿದವರಲ್ಲಿ ರೇಕ್ ಕಳೆದ ಮೇಲೆ ಎಷ್ಟು ಮಂದಿಯ ಕೈಯಲ್ಲಿ ಹಣ ಉಳಿಯಿತು?