ಟ್ರಂಪ್ ಸಹಿ ನೋಡಿ ತೋಟ ಬದಲಿಸಬೇಡಿ

ಅಮೆರಿಕದಲ್ಲಿ ಕಾನೂನು ಮಾಡೋದು ಸಂಸತ್ತು. ಆದರೆ 2025ರ ಏಪ್ರಿಲ್ 2ರಂದು ಅಧ್ಯಕ್ಷ ಟ್ರಂಪ್ ಒಂದೇ ಕಾರ್ಯಾದೇಶದಿಂದ ಹೆಚ್ಚುಕಮ್ಮಿ ಎಲ್ಲ ದೇಶಗಳ ಸರಕಿಗೂ ಸುಂಕ ಹಾಕಿದರು. ಆಗಸ್ಟ್‌ನಲ್ಲಿ ಇನ್ನೊಂದು ಆದೇಶ ಬಂತು. ರಷ್ಯಾದ ತೈಲ ಕೊಳ್ಳುವ ಕಾರಣಕ್ಕೆ ಭಾರತದ ಮೇಲಿನ ಸುಂಕ ಶೇ 50ಕ್ಕೆ ಏರಿತು.

ಸುಂಕ ಕಟ್ಟೋದು ಅಲ್ಲಿನ ಆಮದುದಾರ. ಅವನು ಅಲ್ಲಿ ಬೆಲೆ ಏರಿಸ್ತಾನೆ, ಇಲ್ಲವೇ ನಮ್ಮ ರಫ್ತುದಾರರ ಹತ್ತಿರ ಚೌಕಾಸಿ ಮಾಡ್ತಾನೆ. ಅಮೆರಿಕದವರು ಕುಡಿಯುವ ಕಾಫಿ ಬಹುಪಾಲು ಹೊರಗಿನದು. ದಿನಸಿ ದುಬಾರಿ ಎಂಬ ಕೂಗು ಎದ್ದಿತು. ನವೆಂಬರ್ 14ರಂದು ಮತ್ತೊಂದು ಸಹಿ ಬಿತ್ತು. ಕಾಫಿ, ಟೀ, ಮಸಾಲೆಗಳಿಗೆ ಏಪ್ರಿಲ್ ಆದೇಶದ ಸುಂಕದಿಂದ ವಿನಾಯಿತಿ ಸಿಕ್ಕಿತು.

ಕಾಫಿ ಗಿಡ ಫಸಲಿಗೆ ಬರೋಕೆ ಮೂರ್ನಾಲ್ಕು ವರ್ಷ ಬೇಕು. ಆ ಆದೇಶ ಎಂಟು ತಿಂಗಳೂ ಹಾಗೇ ಉಳಿಯಲಿಲ್ಲ. ಹಾಗಾಗಿ ಕೊಡಗು, ಚಿಕ್ಕಮಗಳೂರಿನ ಗೆಳೆಯರಿಗೆ ನಾನು ಹೇಳೋದಿಷ್ಟೇ: ಮೊಬೈಲ್‌ನಲ್ಲಿ ಸುಂಕದ ಸುದ್ದಿ ಬಂತು ಅಂತ ಗಿಡ ಕೀಳಬೇಡಿ. ಒಂದೇ ದೇಶದ ಮಾರುಕಟ್ಟೆ ನಂಬಿ ಹೊಸ ಗಿಡವನ್ನೂ ನೆಡಬೇಡಿ.