ಹನ್ನೆರಡು ಮೈಲಿಯ ಗೆರೆ ಮೀನಿಗೆ ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ಹನ್ನೆರಡು ನಾಟಿಕಲ್ ಮೈಲಿಯ ಆಚೆಗಾದರೂ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್‌ಗೆ ಅವಕಾಶ ಕೊಡಿ ಎಂಬ ಬೇಡಿಕೆ ನಮ್ಮ ಕರಾವಳಿಯಲ್ಲಿ ಆಗಾಗ ತಲೆಯೆತ್ತುತ್ತದೆ. ಪತ್ರಿಕೆಗಳಲ್ಲಿ ಪ್ರತಿ ಸಲವೂ ಅದು ನಾಡದೋಣಿಯವರಿಗೂ ಬೋಟಿನವರಿಗೂ ನಡೆಯುವ ಜಗಳವಾಗಿಯೇ ವರದಿಯಾಗುತ್ತದೆ. ಒಂದು ದಿನ ಇವರ ಪ್ರತಿಭಟನೆ, ಮರುದಿನ ಅವರ ಮನವಿ, ಆಮೇಲೆ ಅಧಿಕಾರಿಗಳ ಭರವಸೆ. ಜಗಳ ಇರುವುದು ನಿಜ, ಅದರಲ್ಲಿ ಬಡ ಮೀನುಗಾರನ ಹೊಟ್ಟೆಪಾಡಿನ ಪ್ರಶ್ನೆ ಇರುವುದೂ ನಿಜ. ಆದರೆ ಈ ಬೇಡಿಕೆ ತಪ್ಪು ಎನ್ನಲು ಅದಕ್ಕಿಂತ ದೊಡ್ಡ ಕಾರಣವೊಂದು ಸಮುದ್ರದೊಳಗೇ ಇದೆ. ಅದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ತೀರದಿಂದ ಹನ್ನೆರಡು ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ನಮ್ಮ ಕಡಲ ಮೀನುಗಾರಿಕೆ ಕಾಯ್ದೆ 1986ರದು. ಅಲ್ಲಿಂದ ಆಚೆ, 200 ನಾಟಿಕಲ್ ಮೈಲಿಯವರೆಗಿನ ವಿಶೇಷ ಆರ್ಥಿಕ ವಲಯ ಕೇಂದ್ರದ್ದು. ರಾಜ್ಯದ ಕಾಯ್ದೆ ಅಲ್ಲಿ ನಡೆಯುವುದಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದು ಅನೇಕರು ನಂಬಿದಂತಿದೆ. ಆದರೆ ಕೇಂದ್ರ ಸರ್ಕಾರ ಆ ವಲಯದಲ್ಲಿ ಎಲ್‌ಇಡಿ ಲೈಟ್, ಬುಲ್ ಟ್ರಾಲ್ (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದು) ಎರಡನ್ನೂ ನಿಷೇಧಿಸಿದ್ದು 2017ರ ನವೆಂಬರ್‌ನಲ್ಲಿ. 2025ರ ನವೆಂಬರ್‌ನಲ್ಲಿ ಹೊರಟ ಹೊಸ ನಿಯಮಗಳೂ ಇವೆರಡಕ್ಕೆ ಅವಕಾಶ ಕೊಟ್ಟಿಲ್ಲ. ಹಾಗಾಗಿ ಈ ಬೇಡಿಕೆ ಕಾನೂನಿನ ಸಂದಿಯಲ್ಲಿ ಜಾಗ ಹುಡುಕುವುದಲ್ಲ, ಇರುವ ಕಾನೂನನ್ನೇ ಕಿತ್ತುಹಾಕಿ ಎಂದು ಕೇಳುವುದು.

ಇನ್ನು ಸಮುದ್ರದ ಮಾತು. ಹಗಲು ಹೊತ್ತಿನಲ್ಲಿ ತೆರೆದ ಕಡಲು ಬರಿದಾಗಿ ಕಾಣುತ್ತದೆ. ಕಣ್ಣಿಗೆ ಬಿದ್ದರೆ ಆಹಾರವಾಗಿಬಿಡುವ ಭಯವಿರುವ ಅನೇಕ ಜೀವಿಗಳು ಆಗ ಬೆಳಕು ತಲುಪದ ಆಳಕ್ಕೆ ಇಳಿದಿರುತ್ತವೆ. ಸೂರ್ಯ ಮುಳುಗಿದ ಮೇಲೆ ಅವು ಏಳತೊಡಗುತ್ತವೆ. ಅಕ್ಕಿಕಾಳಿಗಿಂತ ಸಣ್ಣ ಕೋಪೆಪಾಡ್‌ಗಳು, ಸೀಗಡಿಯಂಥ ಕ್ರಿಲ್, ಹೊಟ್ಟೆಯ ಉದ್ದಕ್ಕೂ ಬೆಳಕಿನ ಚುಕ್ಕೆಗಳಿರುವ ಲ್ಯಾಂಟರ್ನ್ ಮೀನು, ಅವುಗಳ ಬೆನ್ನು ಹತ್ತಿದ ಬೊಂಡಾಸ್ (ಸ್ಕ್ವಿಡ್) ನೂರಾರು ಮೀಟರ್ ಮೇಲೇರಿ ರಾತ್ರಿಯೆಲ್ಲ ಮೇಯ್ದು, ಬೆಳಕು ಹರಿಯುವ ಮೊದಲೇ ಮತ್ತೆ ಕೆಳಗಿಳಿಯುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನೊಳಕ್ಕೆ ಶಬ್ದದ ಅಲೆ ಬಿಟ್ಟವರಿಗೆ, ಆಳವಾದ ಕಡಲಿನ ನಡುವೆ ಇರಬಾರದ ಜಾಗದಲ್ಲಿ ಒಂದು ತಳ ಸಿಕ್ಕಿತು. ಸಂಜೆಯಾದರೆ ಆ ತಳವೇ ಮೇಲೇರುತ್ತಿತ್ತು! ಅದು ನೆಲವಲ್ಲ, ಶಬ್ದವನ್ನೇ ಹಿಂದಿರುಗಿಸುವಷ್ಟು ದಟ್ಟವಾದ ಜೀವರಾಶಿ ಎಂದು ಆಮೇಲೆ ತಿಳಿಯಿತು. ತೂಕದ ಲೆಕ್ಕದಲ್ಲಿ ಭೂಮಿಯ ಮೇಲಿನ ಅತಿ ದೊಡ್ಡ ವಲಸೆ ಇದು, ದಿನವೂ ನಡೆಯುವಂಥದ್ದು. ನಮ್ಮ ಅರಬ್ಬಿ ಸಮುದ್ರವಂತೂ ಲ್ಯಾಂಟರ್ನ್ ಮೀನುಗಳಿಗೆ ಜಗತ್ತಿನಲ್ಲೇ ಹೆಸರಾದದ್ದು. ನಾವು ಕೊಳ್ಳುವ ಕೇದರ್‌ನಂಥ (ಟ್ಯೂನಾ) ಮೀನಿನ ಹೊಟ್ಟೆ ತುಂಬುವುದು ಈ ರಾತ್ರಿಯ ಓಡಾಟದಿಂದ.

ಈ ಇಡೀ ವ್ಯವಸ್ಥೆಗೆ ಮುಖ್ಯ ಗಡಿಯಾರ ಎಂದರೆ ಬೆಳಕು ಮತ್ತು ಕತ್ತಲೆ. ಬೆಳದಿಂಗಳಿನಷ್ಟು ಮಂದ ಬೆಳಕಿಗೂ ಜೀವಿಗಳು ಸ್ವಲ್ಪ ಕೆಳಗೇ ನಿಲ್ಲುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಮೀನು ಸಿಗುವ ರೀತಿ ಬದಲಾಗುತ್ತದೆ ಎಂದು ಹಳೆಯ ಮೀನುಗಾರರು ಹೇಳುವುದು ಸುಮ್ಮನೆ ಅಲ್ಲ. ಅಮಾವಾಸ್ಯೆಯ ಕತ್ತಲೆಯಲ್ಲಿ ಮೀನಿನ ಹಿಂಡು ಹಾದರೆ ನೀರಿನೊಳಗಿನ ಸೂಕ್ಷ್ಮಜೀವಿಗಳು ಕದಡಿ ನೀಲಿಯಾಗಿ ಮಿನುಗುತ್ತವೆ. ಆ ಮಿನುಗು ನೋಡಿ ಹಿಂಡಿನ ಗಾತ್ರ, ಅದು ಹೋಗುತ್ತಿರುವ ದಿಕ್ಕು ಹೇಳಬಲ್ಲ ತಾಂಡೇಲರು (ದೋಣಿಯ ನಾಯಕರು) ನಮ್ಮಲ್ಲಿದ್ದರು. ಅವರು ಮೀನು ಇದ್ದಲ್ಲಿಗೆ ಹೋಗಿ ಬಲೆ ಬಿಡುತ್ತಿದ್ದರು.

ಲೈಟ್ ಫಿಶಿಂಗ್‌ನಲ್ಲಿ ನಡೆಯುವುದು ಇದರ ತದ್ವಿರುದ್ಧ, ಮೀನನ್ನೇ ಬೋಟಿನ ಬಳಿಗೆ ಸೆಳೆಯುತ್ತಾರೆ. ಬೋಟಿನ ಮೇಲೆ ಜನರೇಟರ್ ಇಟ್ಟು, ಕತ್ತಲೆಯ ಕಡಲಿಗೆ ಕಣ್ಣು ಕೋರೈಸುವ ದೀಪ ಬಿಟ್ಟು ಗಂಟೆಗಟ್ಟಲೆ ಕಾಯುತ್ತಾರೆ. ಕೆಲವು ದೀಪಗಳನ್ನು ನೀರೊಳಗೇ ಇಳಿಸುತ್ತಾರೆ. ಮೊದಲು ಸಣ್ಣ ಜೀವಿಗಳು ಮುತ್ತುತ್ತವೆ, ಅವನ್ನು ತಿನ್ನಲು ಮರಿಮೀನು, ಮರಿಮೀನಿಗಾಗಿ ದೊಡ್ಡ ಮೀನು. ಎಲ್ಲ ಕೂಡಿದ ಮೇಲೆ ಸುತ್ತಲೂ ಬಲೆ ಬೀಳುತ್ತದೆ. ಮೊಟ್ಟೆ ಹೊತ್ತದ್ದು, ಒಮ್ಮೆಯೂ ಮೊಟ್ಟೆ ಇಡದ್ದು, ಬೇಕಾದದ್ದು, ಬೇಡವಾದದ್ದು ಎಂಬ ಆಯ್ಕೆ ಅಲ್ಲಿಲ್ಲ. ಬಂದರಿನ ಹರಾಜು ಕಟ್ಟೆಯಲ್ಲಿ ಇಂಥ ಬೋಟಿನ ಮೀನು ಬುಟ್ಟಿಯಿಂದ ಸುರಿದಾಗ ಬಗ್ಗಿ ನೋಡಿದವರಿಗೆ ಗೊತ್ತು: ಒಂದು ಗೇಣು ಬೆಳೆಯಬೇಕಾದ ಬಂಗುಡೆ ಬೆರಳುದ್ದಕ್ಕೇ ಬಂದು ಬಿದ್ದಿರುತ್ತದೆ, ಸೊಂಟದ ಬೆಲ್ಟಿನಷ್ಟು ಉದ್ದವಾಗುವ ಪಾಂಬೋಲ್ (ರಿಬ್ಬನ್ ಮೀನು) ಶೂ ಲೇಸಿನಂತೆ ಸುತ್ತಿಕೊಂಡಿರುತ್ತದೆ. ಇದನ್ನು ಮನೆಗೆ ಒಯ್ಯುವವರು ಯಾರೂ ಇಲ್ಲ. ಕಿಲೋಗೆ ಸಿಕ್ಕಿದಷ್ಟು ಬೆಲೆಗೆ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುತ್ತದೆ. ಅಲ್ಲಿ ಒಂದು ಕಿಲೋ ಹುಡಿಗೆ ನಾಲ್ಕು ಕಿಲೋದಷ್ಟು ಹಸಿ ಮೀನು ಬೇಕು.

ಈಗ ಹನ್ನೆರಡು ಮೈಲಿಯ ಪ್ರಶ್ನೆಗೆ ಬರೋಣ. ಆಚೆಗಿನ ಮೀನು ಬೇರೆ, ಈಚೆಗಿನದು ಬೇರೆ ಎಂಬ ಗ್ರಹಿಕೆಯ ಮೇಲೆ ಈ ಬೇಡಿಕೆ ನಿಂತಿದೆ. ಆದರೆ ಬೂತಾಯಿ, ಬಂಗುಡೆಗಳ ಮೊಟ್ಟೆ ತಳಕ್ಕೆ ಅಂಟಿಕೊಳ್ಳುವುದಿಲ್ಲ, ನೀರಿನಲ್ಲಿ ತೇಲುತ್ತದೆ. ನಮ್ಮ ಪಶ್ಚಿಮ ತೀರದ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ತೇಲುವ ಮೊಟ್ಟೆಯಿಂದ ಹೊರಬಂದ ಮರಿ ಗೋವಾದ್ದೋ ಕಾರವಾರದ್ದೋ ಕೇರಳದ್ದೋ, ಹತ್ತನೆಯ ಮೈಲಿಯದೋ ಹದಿನೈದನೆಯದೋ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಇಂದು ಆಚೆ ದೀಪಕ್ಕೆ ಬಿದ್ದ ಮರಿಯೇ ನಾಳೆ ಈಚೆ ನಾಡದೋಣಿಯ ಬಲೆಗೆ ಬರಬೇಕಾಗಿದ್ದ ಮೀನು. ನೂರು ಮೈಲಿ ಆಚೆ ಹೋದರೂ ಅದೇ ಮಾತು, ಅಲ್ಲಿ ಆಳದಿಂದ ಏಳುವ ಆ ಜೀವರಾಶಿಯ ನೆತ್ತಿಯ ಮೇಲೆಯೇ ದೀಪ ಉರಿಸಿದಂತಾಗುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಮುಂಗಾರಿನ ಹೊತ್ತಿಗೆ ನಮ್ಮ ತೀರದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಅದು ಹೊತ್ತು ತರುವ ಗೊಬ್ಬರದಿಂದಲೇ ಹಸಿರು ಸೂಕ್ಷ್ಮಸಸ್ಯಗಳು ಬೆಳೆದು ಬೂತಾಯಿಗೆ ಮೇವಾಗುತ್ತವೆ. ಆದರೆ ಅರಬ್ಬಿ ಸಮುದ್ರದ ಆಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆ ನೀರು ತೀರದ ಕಡೆಗೆ ಹತ್ತಿ ಬಂದಾಗ ಮೀನುಗಳು ಉಸಿರಾಡಲು ಮೇಲಿನ ತೆಳುವಾದ ಪದರದಲ್ಲೇ ಒತ್ತೊತ್ತಾಗಿ ಸೇರಬೇಕಾಗುತ್ತದೆ. ಇದು ತೀವ್ರವಾಗುವುದು ಮಳೆಗಾಲದ ಕೊನೆಯಲ್ಲಿ, ಎಂದರೆ ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ. ಕೆಳಗೆ ಓಡಿ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಮೀನಿನ ಮೇಲೆ ಅದೇ ಹೊತ್ತಿಗೆ ದೀಪ ಬಿಡುವುದು ನನ್ನ ಮಟ್ಟಿಗೆ ಮೀನುಗಾರಿಕೆಯೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳನ್ನು ದಡದಲ್ಲಿ ಕಟ್ಟಿ, ದುಡಿಮೆ ಬಿಟ್ಟು, ಸಾಲದ ಬಡ್ಡಿ ಕಟ್ಟಿ ನಾವು ಮೀನಿನ ಸಂತಾನ ಕಾಯುತ್ತೇವೆ. ಆ ತ್ಯಾಗದ ಫಲವನ್ನು ಆಮೇಲಿನ ಕೆಲವು ರಾತ್ರಿಗಳಲ್ಲಿ ಕಳೆದುಕೊಳ್ಳುವುದಾದರೆ ರಜೆ ಯಾಕೆ?

ಕಡಲಿನಲ್ಲಿ ಎಷ್ಟು ತೆಗೆದರೂ ಮುಗಿಯದಷ್ಟಿದೆ ಎನ್ನುವವರಿಗೆ ನೆರೆಯ ಕೇರಳದ ಬೂತಾಯಿ ಲೆಕ್ಕ ತೋರಿಸಬೇಕು. 2012ರಲ್ಲಿ ಅಲ್ಲಿ ನಾಲ್ಕು ಲಕ್ಷ ಟನ್ನಿಗೆ ಸ್ವಲ್ಪ ಕಡಿಮೆ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ಲೈಟ್ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. 2015ರ ಎಲ್ ನಿನೊ, ಬಿಸಿಯಾದ ನೀರು, ವರ್ಷಗಟ್ಟಲೆ ಹಿಡಿದ ಮರಿಮೀನು ಎಲ್ಲ ಸೇರಿ ಆದದ್ದು ಅದು. ಹವಾಮಾನವನ್ನು ಮಲ್ಪೆಯಲ್ಲಿ ಕೂತು ತಿದ್ದಲಾಗದು. ಮರಿಮೀನು ಹಿಡಿಯುವುದನ್ನು ನಿಲ್ಲಿಸಬಹುದು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಆಗದೆ ಹಿಡಿಯಬಾರದು ಎಂಬ ನಿಯಮ ಕೇರಳದಲ್ಲಿ ಜಾರಿಗೆ ಬಂದು ವರ್ಷಗಳೇ ಆದವು. ಬೂತಾಯಿಯ ಆಯುಷ್ಯವೇ ಎರಡು, ಎರಡೂವರೆ ವರ್ಷ. ಒಂದೇ ಒಂದು ಸಲ ಮೊಟ್ಟೆ ಇಡಲು ಬಿಟ್ಟರೂ ಅದು ಬೇಗ ಚೇತರಿಸಿಕೊಳ್ಳಬಲ್ಲದು.

ಬೋಟು ಮಾಲೀಕರ ಕಷ್ಟ ನನಗೆ ತಿಳಿಯದ್ದಲ್ಲ. ಡೀಸೆಲ್ ದರ, ಬ್ಯಾಂಕಿನ ಕಂತು, ಹೊರರಾಜ್ಯಗಳಿಂದ ಕರೆತಂದ ಕಾರ್ಮಿಕರ ಸಂಬಳ, ಬರಿಗೈಯಲ್ಲಿ ಹಿಂದಿರುಗುವ ಟ್ರಿಪ್‌ಗಳು ಅವರನ್ನು ಹಿಂಡುತ್ತಿವೆ. ಪಕ್ಕದ ರಾಜ್ಯದವರು ಲೈಟ್ ಹಾಕಿ ಮೀನು ಹಿಡಿಯುವಾಗ ನಾವೇ ಯಾಕೆ ಸುಮ್ಮನಿರಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನಾವೂ ಲೈಟ್ ಹಾಕುವುದಲ್ಲ. ಕೇಂದ್ರದ ನಿಯಮ ಎಲ್ಲ ರಾಜ್ಯಗಳ ಬೋಟಿಗೂ ಒಂದೇ. ಹೊರಗಿನವರನ್ನು ಕೋಸ್ಟ್ ಗಾರ್ಡ್ ಹಿಡಿಯಲಿ ಎಂದು ನಮ್ಮ ಮೀನುಗಾರ ಸಂಘಗಳೇ ಒಕ್ಕೊರಲಿನಿಂದ ಒತ್ತಾಯಿಸಬೇಕು. ಆ ಒತ್ತಾಯಕ್ಕೆ ಬಲ ಬರುವುದು ನಮ್ಮ ಕೈ ಶುದ್ಧವಾಗಿದ್ದಾಗ.

ಕತ್ತಲೆಯ ಕಡಲಿನಲ್ಲಿ ಬೋಟುಗಳ ಬೆನ್ನಟ್ಟಲು ಸಿಬ್ಬಂದಿ ಇಲ್ಲ, ಗಸ್ತು ದೋಣಿ ಇಲ್ಲ ಎಂದು ಇಲಾಖೆ ಹೇಳುತ್ತದೆ. ಬೆನ್ನಟ್ಟುವ ಅಗತ್ಯವೇ ಇಲ್ಲ. ಜನರೇಟರ್ ಬಚ್ಚಿಡುವ ವಸ್ತುವಲ್ಲ. ದೀಪ ಕಟ್ಟುವ ಕಬ್ಬಿಣದ ಚೌಕಟ್ಟು ಹಗಲು ಹೊತ್ತಿನಲ್ಲಿ ಬಂದರಿನ ಧಕ್ಕೆಯಲ್ಲಿ ನಿಂತ ಯಾರಿಗೂ ಕಾಣುತ್ತದೆ. ಮೀನುಗಾರಿಕೆ ಇಲಾಖೆ ಅಲ್ಲಿಯೇ ತಪಾಸಣೆ ಮಾಡಲಿ. ಲೈಟ್ ಸಾಮಗ್ರಿ ಇರುವ ಬೋಟಿಗೆ ಕರರಹಿತ ಡೀಸೆಲ್ ಕೊಡುವುದನ್ನು ಆ ದಿನವೇ ನಿಲ್ಲಿಸಲಿ, ಎರಡನೆಯ ಸಲಕ್ಕೆ ಪರವಾನಗಿ ರದ್ದು ಮಾಡಲಿ. ಹರಾಜು ಕಟ್ಟೆಯಲ್ಲಿ ಅಳತೆಗೋಲು ಇಡಲಿ. ಮರಿಮೀನು ಕೊಳ್ಳುವ ಫಿಶ್‌ಮೀಲ್ ಕಾರ್ಖಾನೆಗೂ ದಂಡ ಹಾಕಲಿ, ಕೊಳ್ಳುವವರು ಇರುವವರೆಗೆ ಹಿಡಿಯುವವರು ಇದ್ದೇ ಇರುತ್ತಾರೆ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಯಾವ ಬಂದರಿನಲ್ಲಿ ಎಷ್ಟು ಬೋಟು ತಪಾಸಣೆಯಾಯಿತು, ಎಷ್ಟರ ಮೇಲೆ ಕ್ರಮ ಆಯಿತು ಎಂಬುದನ್ನು ಇಲಾಖೆಯಿಂದ ತಿಂಗಳಿಗೊಮ್ಮೆ ಕೇಳಿ ಪ್ರಕಟಿಸಿ. ಕೊಡದಿದ್ದರೆ ಕೊಡಲಿಲ್ಲ ಎಂದೇ ಪ್ರಕಟಿಸಿ. ಮುಂದಿನ ಸಲ ಹನ್ನೆರಡು ಮೈಲಿಯ ಆಚೆ ಅನುಮತಿ ಕೊಡಿಸುತ್ತೇವೆ ಎಂದು ಭರವಸೆ ಕೊಡುವ ಜನಪ್ರತಿನಿಧಿಯನ್ನು, ಅಲ್ಲಿ ಹಿಡಿಯುವ ಮರಿಗಳು ಯಾರ ಪಾಲಿನ ಮೀನು ಎಂದು ದಯವಿಟ್ಟು ಕೇಳಿ.

ಇಂತಿ,
ಕರಾವಳಿಯ ಓದುಗ, ಉಡುಪಿ ಜಿಲ್ಲೆ