ಸುಲಿದ ಅಡಿಕೆಗೆ ಲೆಕ್ಕ ಉಂಟು, ಕೂತ ಗಂಟೆಗೆ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕ್ಯಾಂಪಸ್ಸಿನಲ್ಲಿ ಒಂದೇ ಮಾತು: ಪ್ಯಾಕೇಜ್ ಎಷ್ಟು? ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ, ಈ ನಾಲ್ಕರಲ್ಲಿ ಒಂದರ ಹೆಸರು ಕೇಳಿದ್ರೆ ಸಾಕು, ಸಿವಿಲ್, ಮೆಕ್ಯಾನಿಕಲ್‌ನವರೂ ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂರ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಬಂದ ನಮಗಂತೂ ಅದು ಬರೀ ಕೆಲಸ ಅಲ್ಲ. ಊರಲ್ಲಿ ಹಳದಿ ಎಲೆ ರೋಗ ಎಷ್ಟೋ ವರ್ಷಗಳಿಂದ ತೋಟ ತಿಂತಾ ಇದೆ. ಅದರ ಮೇಲೆ ಈಗ ಎಲೆಚುಕ್ಕಿ. ಆಫರ್ ಲೆಟರ್ ಬಂದ ದಿನ ಮನೆಯವರಿಗೆ ಮೊದಲು ನೆನಪಾಗೋದು ಸೊಸೈಟಿ ಸಾಲ.

ಅದಕ್ಕೇ ಈ ಕೆಲಸ ಏನು ಅಂತ ಸರಿಯಾಗಿ ತಿಳ್ಕೊಳ್ಳೋಣ. ಕನ್ಸಲ್ಟಿಂಗ್ ಕಂಪನಿ ಮುಖ್ಯವಾಗಿ ಮಾರುವುದು ತನ್ನ ಜನರ ಸಮಯವನ್ನು. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಇಲಾಖೆ ಕೊಳ್ಳುವವರು. ನಮ್ಮ ಗಂಟೆಗಳಲ್ಲಿ ಎಷ್ಟು ಬಿಲ್ ಆಯ್ತು ಅನ್ನೋದೇ ‘ಯುಟಿಲೈಸೇಷನ್’. ಪ್ರಾಜೆಕ್ಟ್ ಇಲ್ಲದಿದ್ದರೆ ಬೆಂಚ್.

ಗಂಟೆಗಿಷ್ಟು ಅಂತ ಬಿಲ್ ಮಾಡಿದರೆ ಲೆಕ್ಕ ಸುಲಭ. ಇಡೀ ಪ್ರಾಜೆಕ್ಟಿಗೆ ಇಷ್ಟೇ ಅಂತ ಒಪ್ಪಿಕೊಂಡಿದ್ದರೆ ಅದು ತೋಟ ಚೇಣಿಗೆ ಹಿಡಿದ ಹಾಗೆ. ಖರ್ಚು ಜಾಸ್ತಿಯಾದರೆ ಹಿಡಿದವನಿಗೇ ನಷ್ಟ. ಆದರೆ ಒಂದು ವ್ಯತ್ಯಾಸ ಉಂಟು. ಚೇಣಿದಾರನ ಲೆಕ್ಕ ತಪ್ಪಿದರೂ, ಮಧ್ಯರಾತ್ರಿವರೆಗೆ ಕೂತು ಅಡಿಕೆ ಸುಲಿದವರಿಗೆ ಸುಲಿದಷ್ಟಕ್ಕೂ ಕೂಲಿ ಕೊಡಲೇಬೇಕು. ಆಫೀಸಿನಲ್ಲಿ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ಸ್ಲೈಡ್ ತಿದ್ದಿದ ಹೊಸ ಹುಡುಗನ ಟೈಮ್‌ಶೀಟಿನಲ್ಲಿ ಎಷ್ಟೋ ಸಲ ಎಂಟೇ ಗಂಟೆ ಇರುತ್ತೆ. ಉಳಿದದ್ದು ‘ಕಲಿಕೆ’ ಖಾತೆಗೆ.

ಕಲಿಕೆ ಸುಳ್ಳು ಅಂತ ನಾವು ಹೇಳ್ತಿಲ್ಲ. ಒಂದು ದೊಡ್ಡ ಸಂಸ್ಥೆ ಒಳಗಿಂದ ಹೇಗೆ ನಡೆಯುತ್ತೆ, ಹತ್ತು ಜನರ ಮುಂದೆ ಹೇಗೆ ಮಾತಾಡಬೇಕು, ಗೋಜಲು ಸಮಸ್ಯೆಯನ್ನು ಒಂದು ಪುಟಕ್ಕೆ ಹೇಗೆ ಇಳಿಸಬೇಕು ಅನ್ನೋದನ್ನ ಎರಡೇ ವರ್ಷದಲ್ಲಿ ಕಲಿಸುವ ಜಾಗ ಬೇರೆ ಕಡಿಮೆ. ಆದರೆ ಕಲಿಕೆಗೂ ದುಡಿಮೆಗೂ ಗೆರೆ ಬೇಕು. 2024ರ ಜುಲೈನಲ್ಲಿ ಪುಣೆಯ ಇಂಥದ್ದೇ ದೊಡ್ಡ ಕಂಪನಿಯೊಂದರಲ್ಲಿ 26 ವರ್ಷದ ಹುಡುಗಿಯೊಬ್ಬಳು ಸೇರಿದ ನಾಲ್ಕು ತಿಂಗಳಿಗೇ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣ ಅಂತ ತಾಯಿ ಬರೆದ ಪತ್ರವನ್ನು ದೇಶವೇ ಓದಿತು. ಕಂಪನಿ ಅದನ್ನು ಒಪ್ಪಲಿಲ್ಲ.

ಗೆರೆ ಕಾನೂನಿನಲ್ಲಿ ಇಲ್ಲವೆಂದಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಮ್ಯಾನೇಜರ್ ಸ್ಥಾನದವರನ್ನು ಬಿಟ್ಟು ಉಳಿದವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಮೀರಿದರೆ ಎರಡು ಪಟ್ಟು ವೇತನ. 2025ರಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅನ್ನೋ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿದಿತ್ತು. ಬರೆಯದ ಗಂಟೆಯನ್ನು ಮಾತ್ರ ಯಾವ ಕಾಯ್ದೆಯೂ ಕಾಪಾಡಲಾರದು.

ಮನೆಯಲ್ಲಿ ಅನುಕೂಲ ಇದ್ದವರು ಬೇಡವಾದರೆ ಬಿಟ್ಟು ಬರ್ತಾರೆ. ತೋಟ ಕೈಕೊಟ್ಟ ಮನೆಯ ಮಕ್ಕಳಿಗೆ ಅದು ಆಗಲ್ಲ. ಹಾಗಾಗಿ ಸೇರುವ ಮೊದಲೇ ಹೆಚ್ಚು ಕೇಳಬೇಕಾದವರು ನಾವೇ. ಕಂಪನಿಯವರು ಕ್ಯಾಂಪಸ್ಸಿಗೆ ಬಂದು ಕಡೆಗೆ ‘ಎನಿ ಕ್ವೆಶ್ಚನ್ಸ್?’ ಅಂದಾಗ ಎಲ್ಲರೂ ತಲೆ ತಗ್ಗಿಸೋದು ಬೇಡ. ಮಾಡಿದ ಗಂಟೆ ಅಷ್ಟೂ ಟೈಮ್‌ಶೀಟಿನಲ್ಲಿ ಬರೀಬಹುದಾ? ಶನಿವಾರ ಕೆಲಸ ಮಾಡಿದ್ರೆ ಬದಲಿ ರಜೆ ಉಂಟಾ? ಬೆಂಚಿನಲ್ಲಿ ಎಷ್ಟು ದಿನ ಇಟ್ಕೊಳ್ತಾರೆ? ಬಾಂಡ್ ಎಷ್ಟು?

ಪ್ಲೇಸ್‌ಮೆಂಟ್ ಸೆಲ್‌ನವರಲ್ಲೂ ಒಂದು ಬೇಡಿಕೆ: ಅಲ್ಲಿ ಎರಡು ವರ್ಷ ದುಡಿದ ಸೀನಿಯರ್‌ಗಳನ್ನು, ಎಚ್‌ಆರ್ ಪಕ್ಕದಲ್ಲಿ ಇಲ್ಲದಾಗ, ಒಂದು ಸಂಜೆ ಕರೆಸಿ. ಪ್ಯಾಕೇಜಿನ ಅಂಕಿ ಪೋಸ್ಟರಿನಲ್ಲೇ ಇರುತ್ತೆ. ಅದನ್ನು ಎಷ್ಟು ಗಂಟೆಗೆ ಭಾಗಿಸಬೇಕು ಅನ್ನೋದನ್ನ ಅವರು ಹೇಳ್ತಾರೆ.